ಮುಚ್ಚಿಟ್ಟ ಅಂಕಿ

ಸಿಯಾಟಲ್‌ನ ಆ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಎಲ್ಲರೂ ಬೇಗಲ್ ಬ್ರೆಡ್ಡು ಮೆಲ್ಲುತ್ತ ನಗುತ್ತಿದ್ದರು. ರೆನಾಟಾ ಕುಬೋಟಾ ಮಾತ್ರ ತನ್ನ ಪಾಲನ್ನು ಮುಟ್ಟಿರಲಿಲ್ಲ.

ನಾಲ್ಕು ವರ್ಷ ಅವಳು ಕಾದದ್ದು ಒಂದು ಪುಟ್ಟ ಬಿಲ್ಲೆಯನ್ನು. ಕೂದಲಿಗಿಂತ ತೆಳ್ಳಗಿನ ಎಳೆಗೆ ತೂಗುಬಿದ್ದ ಬಿಲ್ಲೆ. ಅದರಡಿಗೆ, ಕಾಗದವೂ ತೂರದಷ್ಟು ಹತ್ತಿರ, ತಿರುಗುವ ಇನ್ನೊಂದು. ಅಷ್ಟು ಹತ್ತಿರದಲ್ಲಿ ಗುರುತ್ವದ ಸೆಳೆತ ಲೆಕ್ಕಕ್ಕಿಂತ ಜಾಸ್ತಿಯಾದರೆ, ಉದ್ದ ಅಗಲ ಎತ್ತರಗಳಾಚೆ ಮತ್ತೊಂದು ಆಯಾಮ ಸುರುಳಿ ಸುತ್ತಿಕೊಂಡು ಕೂತಿದೆಯೆಂದೇ ಅರ್ಥ.

ಆಸೆ ಕಣ್ಣು ಕಟ್ಟಬಾರದೆಂದು ಈ ತಂಡದ್ದೊಂದು ಕಟ್ಟುನಿಟ್ಟಿನ ನಿಯಮ. ಯಂತ್ರ ಕೊಡುವ ಪ್ರತಿ ಅಳತೆಗೂ ಒಂದು ಗುಟ್ಟಿನ ಅಂಕಿ ಕೂಡಿರುತ್ತದೆ. ಅದು ಗೊತ್ತಿದ್ದದ್ದು ಉಪಕರಣ ಮಾಡುವ ಮುದುಕ ಆರ್ವಲ್ ಟೀಗ್‌ಗೆ ಮಾತ್ರ. ಕೆಟ್ಟ ಅಳತೆಗಳನ್ನೆಲ್ಲ ಸೋಸಿ ತೆಗೆದ ಮೇಲೆಯೇ ಅವನು ಬಾಯಿಬಿಡಬೇಕು. ಇವತ್ತು ಆ ದಿನ.

ಕಳೆದ ತಿಂಗಳು ಸ್ಕ್ರೂಡ್ರೈವರ್ ಹುಡುಕುತ್ತ ರೆನಾಟಾ ಅವನ ಡ್ರಾಯರ್ ಎಳೆದಳು. ಮೇಲೆಯೇ ಗುಟ್ಟಿನ ಅಂಕಿಯ ಚೀಟಿ. ನೋಡಬಾರದಿತ್ತು, ನೋಡಿಬಿಟ್ಟಳು. ಮನಸ್ಸು ಸುಮ್ಮನಿದ್ದೀತೇ? ಅಳತೆಗಳಿಂದ ಆ ಅಂಕಿ ಕಳೆದು ನೋಡಿತು: ಸೆಳೆತ ಜಾಸ್ತಿ! ಆಗಸ್ಟಿನ ಎರಡು ವಾರದ ಅಳತೆಗಳು ಮಾತ್ರ ಅಡ್ಡ ಬರುತ್ತಿದ್ದವು. ಮರುವಾರ ಅವಳು ಅವನ್ನು ತೆಗೆದುಹಾಕಿದಳು. ಬರೆದ ಕಾರಣ: ರಸ್ತೆಯಲ್ಲಿ ಲಾರಿಗಳ ಅದುರಾಟ. ಲಾರಿಯ ಅದುರೋ, ತನ್ನ ಆಸೆಯೋ? ಎಷ್ಟು ಬಗೆದರೂ ಅವಳಿಗೇ ತಿಳಿಯಲಿಲ್ಲ. ತನ್ನ ತಲೆಯನ್ನೇ ನಂಬಲಾಗದ ಆ ಭಯ ದೊಡ್ಡದು. ಹೇಳಿದರೆ ಕೆಲಸ ಹೋಗುತ್ತದೆಂಬುದು ಅದರ ಮುಂದೆ ಸಣ್ಣದು, ಆದರೂ ಬಾಯಿ ಕಟ್ಟಿದ್ದು ಆ ಸಣ್ಣದೇ.

ತಂಡದ ಹಿರಿಯಳು ಗುನ್‌ಹಿಲ್ಡ್ ಆಸೆನ್ ಚಪ್ಪಾಳೆ ತಟ್ಟಿದಳು.

"ಕೊನೇ ಸಲ ಕೇಳ್ತಿದ್ದೀನಿ. ಯಾರಿಗಾದ್ರೂ ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ಬಿಡಿ. ಆರ್ವಲ್ ಹೊಸ ಅಂಕಿ ಹಾಕ್ತಾನೆ, ಬೇರೆಯವ್ರು ಮೊದ್ಲಿಂದ ಸೋಸಿದ್ರಾಯ್ತು. ಅಂಕಿ ತೆರೆದ್ಮೇಲೆ ಎಲ್ರಿಗೂ ಉತ್ತರ ಗೊತ್ತಾಗಿರತ್ತೆ, ದೇವ್ರೇ ಬಂದ್ರೂ ಆಗಲ್ಲ."

"ಬೇಗ ಮುಗಿಸಮ್ಮ, ನನಗೆ ವಯಸ್ಸಾಯ್ತು," ಎಂದ ಆರ್ವಲ್. ಎಲ್ಲರೂ ನಕ್ಕರು.

ರೆನಾಟಾ ಏನೂ ಇಲ್ಲವೆಂದು ತಲೆಯಾಡಿಸಿದಳು.

ಆರ್ವಲ್ ಅಂಕಿ ಒತ್ತಿದ. ಪರದೆಯ ಮೇಲೆ ಅಳತೆಯ ಗೆರೆ ಲೆಕ್ಕದ ಗೆರೆಯನ್ನು ಬಿಟ್ಟು ಮೇಲೇರಿತು: ಸೆಳೆತ ಜಾಸ್ತಿ. ಆಮೇಲೆ ಕಿರುಚಾಟವೋ ಕಿರುಚಾಟ. ಗುನ್‌ಹಿಲ್ಡ್ ಅಳುತ್ತ ರೆನಾಟಾಳನ್ನು ತಬ್ಬಿಕೊಂಡಳು.

"ಮೂವತ್ತು ವರ್ಷ ಕಣೇ! ಮೂವತ್ತು ವರ್ಷ ಹುಡುಕಿದ್ದೀನಿ ಇದನ್ನ!"

ಆ ಬಿಸಿ ಕಣ್ಣೀರು ಕುತ್ತಿಗೆಗೆ ತಾಗಿದಾಗ ರೆನಾಟಾಳಿಗೆ ತಡೆಯಲಾಗಲಿಲ್ಲ.

"ನಾನು ಆ ಅಂಕಿ ನೋಡಿದ್ದೆ."

"ಯಾವಾಗ?"

"ಆಗಸ್ಟಿನ ಅಳತೆ ತೆಗೆಯೋಕೆ ಮುಂಚೆ."

ಗುನ್‌ಹಿಲ್ಡ್‌ಳ ತೋಳು ಸಡಿಲವಾಯಿತು. "ಹಂಗಾದ್ರೆ ಆ ಲಾರಿಗಳು?"

"ಓಡಾಡಿದ್ವೋ ಏನೋ. ಆಣೆ ಮಾಡಿ ಹೇಳ್ತೀನಿ, ನನಗೇ ಗೊತ್ತಿಲ್ಲ."

ಆರ್ವಲ್ ಕುರ್ಚಿಯಲ್ಲಿ ಕುಸಿದ. ಗುನ್‌ಹಿಲ್ಡ್ ಪರದೆಯತ್ತ ತಿರುಗಿದಳು.

"ನಿಜವಾಗ್ಲೂ ಆ ಆಯಾಮ ಇದ್ರೂ ಇರಬಹುದು," ಎಂದಳು. "ಇನ್ನು ನಾವು ಹೇಳಿದ್ರೆ ಯಾರು ನಂಬ್ತಾರೆ? ನಾವೇ ನಂಬಲ್ಲ." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಐದು ನಿಮಿಷದ ಹಿಂದೆ ಕೇಳಿದ್ನಲ್ಲೇ, ರೆನಾಟಾ."