ಬದಲಾದ ಲಿಂಗ

"ಅರ್ಧ ತಾಸಾತು, ರೆಪ್ಪಿ ಸೈತ ಬಡಿವಲ್ಲಿ ನೋಡು," ಎಂದಳು ನೀಲಗಂಗಮ್ಮ ಸೊಸೆಗೆ, ದೇವರ ಕೋಣೆಯ ಬಾಗಿಲಿಗೆ ಒರಗಿ. "ನಾ ಲಿಂಗಪೂಜಿಗೆ ಕುಂತ್ರ ಮನಸ್ಸು ಸಂಡೂರು ರಸ್ತಾದಾಗ ಲಾರಿ ಹಿಂದ ಓಡ್ತೈತಿ."

ಮೂರು ತಿಂಗಳ ಹಿಂದೆ ಆ ರಸ್ತೆಯಲ್ಲಿ ಅವಳ ಮಗ ಶಂಭುಲಿಂಗ ಅದಿರಿನ ಲಾರಿಗೆ ಸಿಕ್ಕು ಸತ್ತಿದ್ದ. ಸೊಸೆ ಗಂಗಾಂಬಿಕೆ ಇನ್ನೂ ಅತ್ತಿರಲಿಲ್ಲ. ಬೆಳಗ್ಗೆ ಎಡಗೈ ಮೇಲೆ ಇಷ್ಟಲಿಂಗವಿಟ್ಟುಕೊಂಡು, ಅದರ ಕಪ್ಪು ಹೊಳಪಿನಲ್ಲಿ ಮೂಡುವ ದೀಪದ ಚುಕ್ಕೆಯನ್ನೇ ನೋಡುತ್ತ ಕೂರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮನಸ್ಸು ನಿಂತುಬಿಡುತ್ತಿತ್ತು.

"ಈ ಲಿಂಗ ನಂದಲ್ಲ ಅತ್ತಿ. ಅವರ್ದು."

ಆಸ್ಪತ್ರೆಯವರು ಅವನ ಕೊರಳಿನಿಂದ ಬಿಚ್ಚಿಕೊಟ್ಟ ಲಿಂಗವನ್ನು ಅಂದು ದೇವರ ಜಗುಲಿಯ ಮೇಲೆ, ಅವಳು ಪೂಜೆಗೆ ಬಿಚ್ಚಿಟ್ಟಿದ್ದ ತನ್ನದರ ಪಕ್ಕದಲ್ಲೇ ಇಟ್ಟಿದ್ದರು. ಮಣ್ಣು ಮಾಡುವ ಗಡಿಬಿಡಿಯಲ್ಲಿ ಯಾರೋ ಅವನದೆಂದುಕೊಂಡು ಅವಳದನ್ನು ಒಯ್ದು ಅವನ ಅಂಗೈಯಲ್ಲಿಟ್ಟರು. ಒಂಬತ್ತನೆಯ ದಿನ ಉಳಿದ ಲಿಂಗದ ವಸ್ತ್ರ ಬಿಚ್ಚಿದಾಗ, ಅವನ ಬೈಕಿನ ಕೀಲಿ ತಾಗಿ ಆಗಿದ್ದ ಗೀರು ಗಂಗಾಂಬಿಕೆಗೆ ಕಂಡಿತ್ತು. ಮನಸ್ಸನ್ನು ಹಿಡಿದು ನಿಲ್ಲಿಸುತ್ತಿರುವವನು ಅವನೇ ಎಂದುಕೊಂಡು ಸುಮ್ಮನಿದ್ದಳು.

"ಎಂ.ಎ. ಓದಿದಾಕಿ, ಇಷ್ಟು ಹೇಳಾಕ ಮೂರು ತಿಂಗ್ಳು ಬೇಕಾತೇನ?" ನೀಲಗಂಗಮ್ಮ ಅಂದೇ ಮಠದ ಅಯ್ಯನವರನ್ನು ಕರೆಸಿದಳು.

"ಸತ್ತವರ ಲಿಂಗ ಮನ್ಯಾಗ ಇರಬಾರ್ದವ್ವ," ಎಂದರು ಅವರು. "ಹೊಳಿಗೆ ಬಿಡು. ನಾ ಹೊಸಾದು ಕಟ್ತೀನಿ."

"ಅದು ಹ್ವಾದ್ರ ನಾ ಹೆಂಗ ಕುಂದ್ರಲಿ, ಅಯ್ಯಾರ?"

"ನಿಂತ ಮನಸ್ಸಿಗೆ ಇದ ಕಲ್ಲು ಬೇಕು ಅಂತಿಲ್ಲ. ಭಾಳ ಮಂದಿ ಜೀವಮಾನ ಕುಂತ್ರೂ ಸಿಗಂಗಿಲ್ಲ ಅದು. ಅದ ಬಿಡುಗಡಿ."

ಸೋಮವಾರ ಕಂಪ್ಲಿಯ ಹೊಳೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಗಂಗಾಂಬಿಕೆ ಅದನ್ನು ಬಿಟ್ಟಳು. ಸದ್ದು ಕೂಡ ಆಗಲಿಲ್ಲ.

ಮರುದಿನ ಹೊಸ ಲಿಂಗದ ಎದುರು ಕಾದಳು. ಇನ್ನಾದರೂ ಮನಸ್ಸು ಓಡಲಿ, ಮುಗ್ಗರಿಸಲಿ, ಅವನಿಲ್ಲವೆಂದು ಚೀರಲಿ. ಚುಕ್ಕೆ ಮೂಡಿತು. ಮನಸ್ಸು ನಿಂತಿತು. ಅದೇ ಹೊತ್ತಿಗೆ, ಅಷ್ಟೇ ಸಲೀಸಾಗಿ. ಅವನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

"ಮನಸ್ಸು ನಿಂತೈತೇನ?" ನೀಲಗಂಗಮ್ಮ ಪಿಸುಗುಟ್ಟಿದಳು.

"ನಿಂತೈತಿ."

"ಪುಣ್ಯವಂತಿ ನೀ," ಎಂದು ಪಕ್ಕದಲ್ಲಿ ಕುಳಿತು, ಅವಳೂ ತನ್ನ ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಕೈ ನಡುಗಿತು. ಲಿಂಗ ಇನ್ನೇನು ಜಾರುವಂತಿತ್ತು. ಗಂಗಾಂಬಿಕೆ ಅತ್ತೆಯ ಮಣಿಕಟ್ಟು ಹಿಡಿದಳು. ನಡುಕ ಸೊಸೆಯ ಬೆರಳುಗಳ ತನಕ ಬಂತು. ಅಲ್ಲಿಂದ ಮೇಲಕ್ಕೆ, ಎದೆಯ ತನಕ ಏರಲಿಲ್ಲ.