ಕತ್ತಲಲ್ಲಿಟ್ಟ ಬಾಟಲಿ

ಗೈಡ್ ಮೇಡಂ ಕತ್ತಲಿನ ಪರೀಕ್ಷೆ ಕೇಳಿದರೆಂದು ಸಂಶೋಧನಾ ವಿದ್ಯಾರ್ಥಿನಿ ಹೇಮಾವತಿ ಲ್ಯಾಬಿನ ಬೀರುವಿನಲ್ಲಿ ತನ್ನ ಪುಡಿ ಬೆರೆಸಿದ ಬಣ್ಣದ ನೀರಿನ ಬಾಟಲಿ ಇಟ್ಟಿದ್ದಳು. ಬೆಳಿಗ್ಗೆ ತೆರೆದರೆ ಅದರೊಳಗಿನ ಕೆಂಪು ನೀರು ತಿಳಿಯಾಗಿತ್ತು. ಕತ್ತಲಲ್ಲಿ ಅದು ತಿಳಿಯಾಗಬಾರದಿತ್ತು.

ಸತು ಮತ್ತು ಟೈಟಾನಿಯಂ ಆಕ್ಸೈಡ್ ಬೆರೆಸಿ, ಕುಲುಮೆಯಲ್ಲಿ ಸುಟ್ಟು ಮಾಡಿದ ಅವಳ ಬಿಳಿ ಪುಡಿ ಬಿಸಿಲು ಬಿದ್ದಾಗ ಬಣ್ಣವನ್ನು ಒಡೆಯಬೇಕು. ಬಿಸಿಲಿಲ್ಲದೆಯೂ ನೀರು ತಿಳಿಯಾಯಿತೆಂದರೆ ಬಣ್ಣ ಒಡೆದಿಲ್ಲ, ಪುಡಿಗೆ ಅಂಟಿಕೊಂಡಿದೆ ಅಷ್ಟೆ. ಹೋದ ತಿಂಗಳು ಕರೆಂಟು ಹೋಗಿ ಕುಲುಮೆ ಅರ್ಧಕ್ಕೇ ಆರಿದಾಗ, ಮತ್ತೆ ಸುಡುವ ತಾಳ್ಮೆಯಿಲ್ಲದೆ ಪುಡಿ ಹೊರತೆಗೆದವಳು ಅವಳೇ. ಕತ್ತಲಿನ ಪರೀಕ್ಷೆಯನ್ನೂ ಬಿಟ್ಟು ಪಕ್ಕದ ನೇಕಾರರ ಊರು ಭಾಗ್ಯನಗರಕ್ಕೆ ಓಡಿದ್ದಳು.

ಅಲ್ಲಿ ಬಾಷಾಬಿ ಸೀರೆಯ ನೂಲಿಗೆ ಬಣ್ಣ ಹಾಕುತ್ತಾಳೆ. ಬಣ್ಣದ ನೀರು ಪಕ್ಕದ ಮನೆಯ ಉಡಚಮ್ಮನ ಹಿತ್ತಲಿಗೆ ಹರಿಯುತ್ತಿತ್ತು. ದೂರು ಕೊಟ್ಟು ಬಾಷಾಬಿಯ ಬಣ್ಣದ ಒಲೆಯನ್ನೇ ಆರಿಸಿಬಿಡುತ್ತೇನೆಂದು ಉಡಚಮ್ಮ ಹಟ ಹಿಡಿದು ಕೂತಿದ್ದಳು. ಹೇಮಾವತಿ ಆ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ, ಪುಡಿ ಹಾಕಿ ಬಿಸಿಲಲ್ಲಿ ಕಲಕಿದಳು. ನೀರು ತಿಳಿಯಾಯಿತು. ತಳದಲ್ಲಿ ಕೆಂಪು ಗಸಿ ಕಂಡಾಗ, ಅದು ಸತ್ತ ಬಣ್ಣ, ಚೆಲ್ಲಬಹುದು ಎಂದಳು. ಉಡಚಮ್ಮ ನಂಬಿದಳು. ಅಂದಿನಿಂದ ಗಸಿಯೂ ಹಿತ್ತಲಿಗೇ ಹೋಗುತ್ತಿತ್ತು.

ಸುಮ್ಮನಿದ್ದರೆ ಅವರಿಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಭಾಗ್ಯನಗರಕ್ಕೆ ಹೊರಟ ಆಟೋದಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ.

ಹೋಗಿ ನೋಡಿದರೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಬಾರವಾ ಸೈಂಟಿಸ್ಟ," ಉಡಚಮ್ಮ ನಕ್ಕಳು. "ನಮ್ಮ ಜಗಳಾನೂ ತೊಳದಿ ನೋಡು."

ಹೇಮಾವತಿ ತೊಟ್ಟಿಯ ಗಸಿಯನ್ನು ಲೋಟಕ್ಕೆ ಹಾಕಿ, ಲ್ಯಾಬಿನಿಂದ ತಂದ ಸ್ಪಿರಿಟ್ ಸುರಿದು ಕಲಕಿದಳು. ಪುಡಿಗೆ ಅಂಟಿದ್ದ ಬಣ್ಣ ಬಿಟ್ಟು ಸ್ಪಿರಿಟ್ ಕೆಂಪಾಯಿತು.

"ಬಣ್ಣ ಸತ್ತಿಲ್ರಿ ಚಾಚಿ. ಅವಸರ ಮಾಡಿದೆ ನಾನು. ಅದೆಲ್ಲಾ ಇವರ ಹಿತ್ತಲದಾಗ ಐತಿ."

ಬಾಷಾಬಿ ಎದ್ದು ಒಲೆಯ ಕಟ್ಟಿಗೆ ಹೊರಗೆಳೆದು ನೀರು ಚಿಮುಕಿಸಿದಳು. ಹಂಡೆಯಲ್ಲಿ ಮದುವೆ ಸೀರೆಯ ನೂಲು ಅರ್ಧ ಬಣ್ಣದಲ್ಲಿತ್ತು.

"ಸಂಜಿಮುಂದ ಬಂದು ಹೇಳಿದ್ರ ಈ ನೂಲಾದ್ರೂ ಮುಗೀತಿತ್ತಲ್ಲವಾ," ಎಂದಳು. ಬೈದಿದ್ದರೆ ಹೇಮಾವತಿಗೆ ಹಗುರವಾಗುತ್ತಿತ್ತು.

ಉಡಚಮ್ಮ ಎದ್ದು ತನ್ನ ಹಿತ್ತಲಿಗೆ ಹೋಗಿ ನೋಡಿ ಬಂದಳು.

"ಇದೊಂದು ಹಂಡೆ ಮುಗಸ್ರಿ. ನೀರು ಡ್ರಮ್ಮಿನಾಗ ತುಂಬಿಡ್ರಿ. ಇಕಿ ಖರೇ ಪುಡಿ ತರೂತನಕ ಹೊಸಾ ನೂಲು ಬ್ಯಾಡ."

ಹೇಮಾವತಿ ಕಟ್ಟಿಗೆಯನ್ನು ಮತ್ತೆ ಒಲೆಗೆ ತುರುಕಿ ಊದತೊಡಗಿದಳು. ಹಸಿಯಾಗಿತ್ತು. ಬರೀ ಹೊಗೆ ಬಂತು. ಊದುತ್ತಲೇ ಇದ್ದಳು.