ನನ್ನ ನೂರ ಮೂವತ್ತೊಂದನೆಯ ಪುಟ

ನಾನು ರಸಾಯನಶಾಸ್ತ್ರದ ಒಂದು ಪಾಠಪುಸ್ತಕ. ಹುಟ್ಟಿದ್ದು ಗದಗಿನ ಒಂದು ಚಿಕ್ಕ ಮುದ್ರಣಾಲಯದಲ್ಲಿ, ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ. ಸೂತ್ರಗಳಲ್ಲಿ ಅಕ್ಷರದ ಕೆಳಗೆ ಕೂರುವ ಸಣ್ಣ ‘ಎರಡು’ ಆ ಮುದ್ರಣಾಲಯದಲ್ಲಿ ನಲವತ್ತು ಮಾತ್ರ ಇದ್ದವು. ನೀರಿಗೂ ಅದು ಬೇಕು, ಗಾಳಿಗೂ ಬೇಕು, ಸುಣ್ಣಕ್ಕೂ ಬೇಕು. ಆದ್ದರಿಂದ ಎಂಟು ಪುಟ ಮುದ್ರಿಸಿ, ಮೊಳೆ ಬಿಡಿಸಿ, ಅವೇ ಎರಡುಗಳಿಂದ ಮುಂದಿನ ಎಂಟು ಪುಟ ಜೋಡಿಸುತ್ತಿದ್ದರು. ಇನ್ನೂರ ಹನ್ನೆರಡು ಪುಟಗಳ ನಾನು ಪೂರ್ತಿಯಾಗಲು ಮೂರು ತಿಂಗಳು ಹಿಡಿಯಿತು.

ನನ್ನನ್ನು ಮೊದಲು ಕೊಂಡವರು ಒಬ್ಬ ಹೈಸ್ಕೂಲ್ ಶಿಕ್ಷಕರು, ಗಲಗಲಿ ಮಾಸ್ತರು. ಸಾಲೆಗೆ ಹೊರಡುವ ಮುನ್ನ ದಿನವೂ ಒಂದು ಪುಟ ಓದುವುದು ಅವರ ಪದ್ಧತಿ. ಗೊತ್ತಿದ್ದ ಪಾಠವಾದರೂ ಸರಿಯೆ. ಓದಿದ ಮೇಲೆ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ತಾರೀಖು ಬರೆಯುತ್ತಿದ್ದರು. ಕೊನೆಗೆ ಒಂದೊಂದು ಪುಟದಲ್ಲೂ ಹನ್ನೊಂದು ತಾರೀಖುಗಳಾದವು. ಗಡಸು ನೀರಿನ ಪಾಠವಿರುವ ನೂರ ಮೂವತ್ತೊಂದನೆಯ ಪುಟದಲ್ಲಿ ತಮಗೆ ತಾವೇ ಒಂದು ಸೂಚನೆಯನ್ನೂ ಬರೆದುಕೊಂಡಿದ್ದರು: ‘ಹೇಳಿದರೆ ಹುಡುಗರು ಮರೆಯುತ್ತಾರೆ. ಬಾಟಲಿ ಒಯ್ದು ತೋರಿಸುವುದು.’

ಮಾಸ್ತರು ತೀರಿಕೊಂಡ ಮೇಲೆ ನಾನು ರದ್ದಿಯ ಚೀಲ ಸೇರಿದೆ. ಅಲ್ಲಿಂದ ಬಾಗಲಕೋಟೆ ಕಡೆಯ ನೇಕಾರರ ಊರೊಂದಕ್ಕೆ, ದಾನಪ್ಪನ ಕಿರಾಣಿ ಅಂಗಡಿಗೆ ಬಂದೆ. ನನ್ನ ಮೊದಲ ಹದಿನಾಲ್ಕು ಪುಟಗಳು ಜೀರಿಗೆ, ಮೆಣಸು, ಅರಿಸಿನ ಕಟ್ಟಲು ಹೋದವು. ಹದಿನೈದನೆಯದರ ಮೇಲೆ ದಾನಪ್ಪ ಕೈಯಿಟ್ಟಾಗ ಕಟ್ಟೆಯ ಆಚೆ ನಿಂತಿದ್ದ ಹೆಂಗಸೊಬ್ಬಳು ಕೂಗಿದಳು:

“ಕಾಕಾ, ಹರಿಬ್ಯಾಡ್ರಿ! ಅದು ಸೈನ್ಸ್ ಪುಸ್ತಕ.”

“ಸೈನ್ಸ್ ಆದ್ರೇನು, ಜೀರಗಿ ಸೋರೂದಿಲ್ಲ,” ಎಂದ ದಾನಪ್ಪ.

“ಮನ್ಯಾಗ ಹಳೇ ಪೇಪರ್ ಅದಾವು, ಎಲ್ಲಾ ತಂದ ಕೊಡ್ತೀನಿ. ಅದನ್ನ ನನಗ ಕೊಡ್ರಿ.”

ಅವಳೇ ಅಂಬವ್ವ. ಹತ್ತನೆಯ ತರಗತಿ ಪಾಸಾಗಿ ವಿಜ್ಞಾನ ಓದಬೇಕೆಂದಿದ್ದವಳಿಗೆ ಮದುವೆಯಾಗಿ ಎಂಟು ತಿಂಗಳಾಗಿತ್ತು. ಸೇರಿದ್ದು ನೂಲಿಗೆ ಬಣ್ಣ ಹಾಕುವ ಮನೆ. ಆ ಮನೆಯ ಯಜಮಾನಿ ಅತ್ತೆ ಈರವ್ವ. ಗಂಡ ಶೇಖಪ್ಪ ತಾಯಿಯ ಮಾತಿನಂತೆ ಬಣ್ಣದ ತೊಟ್ಟಿಯಲ್ಲಿ ನೂಲಿನ ಲಡಿಗಳನ್ನು ಅದ್ದಿ ತೆಗೆಯುವವನು. ಸುತ್ತಿನ ಮಗ್ಗದವರೆಲ್ಲ ಕೆಂಪು ನೂಲಿಗೆ ಈರವ್ವನ ಮನೆಗೇ ಬರುತ್ತಿದ್ದರು. ಅವಳ ಎರಡೂ ಕೈ ಮೊಣಕೈವರೆಗೆ ಕೆಂಪಾಗಿದ್ದು, ತೊಳೆದಷ್ಟೂ ಬಣ್ಣ ಬಿಡುತ್ತಿತ್ತು, ಪೂರ್ತಿ ಮಾತ್ರ ಹೋಗುತ್ತಿರಲಿಲ್ಲ.

ನನಗೆ ಸಿಕ್ಕ ಜಾಗ ನೀರು ಕಾಯಿಸುವ ಒಲೆಯ ಪಕ್ಕದ ಗೂಡು. ಆ ಮನೆಗೊಂದು ಸಂಕಟ ಬಂದಿತ್ತೆಂದು ಅಲ್ಲಿಗೆ ಹೋದ ವಾರವೇ ತಿಳಿಯಿತು. ಮುರಿಗೆಪ್ಪ ಎಂಬ ನೇಕಾರ ಕೆಂಪು ಲಡಿಗಳ ಗಂಟನ್ನು ವಾಪಸು ತಂದು ಅಂಗಳದಲ್ಲಿ ಬಿಚ್ಚಿದ.

“ಈರಕ್ಕಾ, ನೋಡಬೇ. ಕೆಂಪಿನ ತುಂಬಾ ಬಿಳಿ ಚುಕ್ಕಿ. ಮಗ್ಗಕ್ಕ ಏರಿಸಿದ್ರ ಸೀರಿಗೆ ಸಿಡುಬು ಎದ್ದಂಗ ಕಾಣತೈತಿ. ಮುಂದಿನ ಹಂಗಾಮಿಗೆ ಇನ್ನೊಂದ ಸಲ ಕೊಡ್ತೀನಿ. ಆಗೂ ಹಿಂಗ ಬಂದ್ರ ನಮ್ಮ ಓಣಿ ನೂಲು ಬ್ಯಾರೆ ಕಡೆ ಹೊಕ್ಕೈತಿ, ತಪ್ಪ ತಿಳೀಬ್ಯಾಡ.”

ಅವನು ಹೋದ ಮೇಲೆ ಈರವ್ವ ಸೊಸೆಯತ್ತ ತಿರುಗಿದಳು. “ನೀ ಈ ಮನ್ಯಾಗ ಕಾಲಿಟ್ಟ ಮ್ಯಾಲ ನನ್ನ ಬಣ್ಣ ಕೆಟ್ಟೈತಿ. ತೊಟ್ಟಿ ಕಡೆ ಬರಬ್ಯಾಡ. ನೀರು ಕಾಸು, ಹಂಡೆ ತಿಕ್ಕು. ಮುರಿಗೆಪ್ಪನ ನೂಲು ಸುದ್ದ ಬರಲಿಲ್ಲಂದ್ರ ತವರಮನಿಗೆ ನಡಿ, ಬಣ್ಣ ಸುದ್ದ ಆದ ಮ್ಯಾಲ ಕರಸ್ತೀನಿ.”

ಇದರಲ್ಲಿ ಒಂದು ಮಾತು ನಿಜ. ಬಣ್ಣ ಕೆಟ್ಟದ್ದು ಅಂಬವ್ವ ಬಂದ ತಿಂಗಳಿನಿಂದಲೇ. ಆದರೆ ಹಿತ್ತಿಲಿಗೆ ಬರುತ್ತಿದ್ದ ಕೆರೆಯ ಕಾಲುವೆ ನಿಂತು, ಮನೆಯಲ್ಲಿ ಬೋರ್ ಕೊರೆಸಿದ್ದೂ ಅದೇ ತಿಂಗಳು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಂಡೆಯ ನೀರು ಕಾಯಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಅಂಬವ್ವ ನನ್ನನ್ನು ಓದತೊಡಗಿದಳು. ದಿನಕ್ಕೆ ಒಂದು ಪುಟ, ಕೆಲವೊಮ್ಮೆ ಅರ್ಧ. ಮೊದಮೊದಲು ಒಂದೇ ವಾಕ್ಯವನ್ನು ಮೂರು ಸಲ ಓದುತ್ತಿದ್ದಳು. ತಿಂಗಳು ಕಳೆಯುವಷ್ಟರಲ್ಲಿ, ಹಿಂದೆ ಅರ್ಥವಾಗದ್ದನ್ನು ತಾನಾಗಿ ತಿರುವಿ ನೋಡುವಂತಾದಳು. ಮಾಸ್ತರ ತಾರೀಖುಗಳ ಕೆಳಗೆ ತನ್ನದನ್ನೂ ಬರೆದಳು.

ಈರವ್ವ ಹಾದುಹೋಗುವಾಗ ಕೇಳುತ್ತಿದ್ದಳು: “ಪುಸ್ತಕ ಓದಿದ್ರ ನೀರು ಜಲ್ದಿ ಕಾಯ್ತಾವೇನ?”

“ಇಲ್ಲ ಅತ್ತಿ. ಓದದಿದ್ರೂ ಅಷ್ಟ ಹೊತ್ತು ಬೇಕು,” ಎನ್ನುತ್ತಿದ್ದಳು ಅಂಬವ್ವ.

ಸೋಮವಾರಕ್ಕೊಮ್ಮೆ ಹಂಡೆ ತಿಕ್ಕುವಾಗ ಅದರ ಒಳಮೈಯಿಂದ ಬಿಳಿಯ ಹಕ್ಕಳೆ ಏಳುತ್ತಿತ್ತು. ತವರಿನಲ್ಲಿ ಕೆರೆಯ ನೀರು ಕಾಯಿಸುವ ಹಂಡೆಯಲ್ಲಿ ಇಂಥದ್ದನ್ನು ಅವಳು ಕಂಡಿರಲಿಲ್ಲ. ಆಮ್ಲಗಳ ಪಾಠ ಓದಿದ ವಾರ ಒಂದು ಹಕ್ಕಳೆಯ ಮೇಲೆ ನಿಂಬೆರಸ ಹಿಂಡಿದಳು. ಸಣ್ಣ ಗುಳ್ಳೆಗಳೆದ್ದವು. ಸುಣ್ಣದ ಕಲ್ಲಿನ ಮೇಲೆ ಹುಳಿ ಬಿದ್ದರೆ ಹೀಗೆ ಗುಳ್ಳೆ ಏಳುತ್ತದೆಂದು ನನ್ನಲ್ಲಿ ಬರೆದಿದೆ. ಮುಂದಿನ ತಿಂಗಳು ನೂರ ಮೂವತ್ತೊಂದನೆಯ ಪುಟ ಬಂತು. ಅಲ್ಲಿರುವುದು ಇಷ್ಟೆ: ಕೆಲವು ನೀರಿನಲ್ಲಿ ಸುಣ್ಣದ ಅಂಶ ಕಣ್ಣಿಗೆ ಕಾಣದಂತೆ ಕರಗಿರುತ್ತದೆ. ಅದು ಗಡಸು ನೀರು. ಅದರಲ್ಲಿ ಸಾಬೂನು ನೊರೆ ಕೊಡುವುದಿಲ್ಲ. ಕುದಿಸಿದರೆ ಕರಗಿದ್ದ ಸುಣ್ಣ ಬಿಳಿ ಪುಡಿಯಾಗಿ ಹೊರಬೀಳುತ್ತದೆ. ನೀರನ್ನು ಅಲುಗಿಸದೆ ಇಟ್ಟರೆ ಪುಡಿ ತಳಕ್ಕಿಳಿಯುತ್ತದೆ, ಮೇಲಿನ ನೀರು ಮೆದುವಾಗುತ್ತದೆ.

ಅಂಬವ್ವ ಆ ಪುಟವನ್ನು ನಾಲ್ಕು ದಿನ ಓದಿದಳು. ನಾಲ್ಕು ತಾರೀಖು ಬರೆದಳು. ಬಿಸಿ ನೀರಿನಲ್ಲಿ ಹೊರಬಿದ್ದ ಸುಣ್ಣ ಬಣ್ಣದ ತೊಟ್ಟಿಯಲ್ಲಿ ಎಲ್ಲಿಗೆ ಹೋಗುತ್ತಿತ್ತೆಂದು ಅವಳಿಗೆ ಹೊಳೆದಿತ್ತು. ನೂಲಿನ ಮೇಲೆ ಕೂರುತ್ತಿತ್ತು.

ಪರಿಹಾರ ಸುಲಭವಾಗಿತ್ತು, ಆದರೆ ಮನೆಯ ಪದ್ಧತಿಗೆ ವಿರುದ್ಧವಾಗಿತ್ತು. ಆ ಮನೆಯಲ್ಲಿ ಬಣ್ಣಕ್ಕೆ ಆಗಷ್ಟೇ ತುಂಬಿದ ನೀರೇ ಆಗಬೇಕು. ರಾತ್ರಿ ಕಳೆದ ನೀರು ತಂಗಳ ನೀರು, ಅದು ಬಣ್ಣವನ್ನು ಕೊಲ್ಲುತ್ತದೆ ಎಂದು ಈರವ್ವನ ಅತ್ತೆಯ ಕಾಲದಿಂದ ನಂಬಿಕೆ. ಅಂಬವ್ವ ಒಂದು ಸಂಜೆ ನೀರು ಕುದಿಸಿ, ಮುಚ್ಚಿ ಇಟ್ಟಳು. ಬೆಳಿಗ್ಗೆ ಈರವ್ವ ಮುಚ್ಚಳ ತೆಗೆದು ನೋಡಿದವಳೇ ಹಂಡೆಯನ್ನು ಮಗುಚಿದಳು.

“ತಂಗಳ ನೀರಿನ್ಯಾಗ ಬಣ್ಣ ಹಾಕೂ ಮನಿ ಅಲ್ಲ ಇದು!”

ಮುರಿಗೆಪ್ಪನ ಕೊನೆಯ ನೂಲು ಆ ಹೊತ್ತಿಗೆ ಬಂದು ಮೂಲೆಯಲ್ಲಿ ಕೂತಿತ್ತು. ಅಂಬವ್ವನ ಬಟ್ಟೆಯ ಚೀಲವನ್ನೂ ಯಾರೋ ಅಟ್ಟದಿಂದ ಇಳಿಸಿಟ್ಟಿದ್ದರು. ಅವಳು ನನ್ನನ್ನು ತೆಗೆದು ಮಾಸ್ತರ ಸೂಚನೆಯನ್ನು ಮತ್ತೊಮ್ಮೆ ಓದಿದಳು. ಶೇಖಪ್ಪನನ್ನು ಊರಾಚೆ ಎರಡು ಮೈಲಿ ದೂರದ ಕೆರೆಗೆ ಕಳಿಸಿ ಒಂದು ಕೊಡ ನೀರು ತರಿಸಿದಳು. ಒಂದು ಚರಿಗೆ ಬೋರಿನ ನೀರನ್ನು ಕುದಿಸಿ ಗೂಡಿನಲ್ಲಿ ನನ್ನ ಪಕ್ಕವೇ ಮುಚ್ಚಿಟ್ಟಳು. ರಾತ್ರಿಯಿಡೀ ಅದು ತಣ್ಣಗಾಗುತ್ತ ಕೂತಿತ್ತು.

ಮರುದಿನ ಅತ್ತೆಯ ಮುಂದೆ ಮೂರು ಗಾಜಿನ ಬಾಟಲಿ ಇಟ್ಟಳು. ಮೂರರಲ್ಲೂ ಸಮನಾಗಿ ನೀರು, ಸಮನಾಗಿ ಸಾಬೂನಿನ ಚೂರು.

“ಅತ್ತಿ, ಕೆರಿ ನೀರು ನಿಮಗ ಗೊತ್ತಾಗತೈತಿ ಅಲ್ಲಾ?”

“ನಲವತ್ತ ವರ್ಷ ಅದರಾಗ ಕೈ ಅದ್ದೀನಿ. ಕುರುಡಿ ಆದ್ರೂ ಗೊತ್ತಾಗತೈತಿ.”

“ಹಂಗಾದ್ರ ಇವನ್ನ ಅಲ್ಲಾಡಿಸಿ ಹೇಳ್ರಿ.”

ಈರವ್ವ ಒಂದೊಂದನ್ನೇ ಅಲುಗಿಸಿದಳು. ಒಂದರಲ್ಲಿ ಸಾಬೂನು ಹಾಲು ಒಡೆದಂತೆ ತೇಲಿತು. ಉಳಿದೆರಡರಲ್ಲಿ ನೊರೆ ಬಂತು. ಒಂದರಲ್ಲಿ ಕೊರಳಿನವರೆಗೆ, ಇನ್ನೊಂದರಲ್ಲಿ ಎರಡು ಬೆರಳು ಕಡಿಮೆ. ನೊರೆಯನ್ನು ಬೆರಳಿನಲ್ಲಿ ತೆಗೆದು ಉಜ್ಜಿ ನೋಡಿದಳು.

“ಇದು ಬೋರಿನ ನೀರು, ದರಿದ್ರದ್ದು. ಇವೆರಡೂ ಕೆರಿ ನೀರು.”

“ಒಂದ ಕೆರಿದು. ಇನ್ನೊಂದೂ ಬೋರಿಂದ, ಅತ್ತಿ. ನಿನ್ನಿ ಕುದಿಸಿ ಇಟ್ಟಿದ್ದು. ತಂಗಳ ನೀರು.”

ಈರವ್ವ ಆ ಬಾಟಲಿಯನ್ನು ಮತ್ತೊಮ್ಮೆ ಅಲುಗಿಸಿದಳು. ಮತ್ತೂ ಒಮ್ಮೆ. ಆಮೇಲೆ ಕೇಳಿದಳು: “ಇದು ಯಾರ ಹೇಳಿದ್ರು ನಿನಗ?”

ಅಂಬವ್ವ ನನ್ನನ್ನು ತೆರೆದಳು.

“ಎಲ್ಲಿ ಬರದೈತಿ? ತೋರಸು.”

ಸೊಸೆ ತೋರಿಸಿದ ಸಾಲಿನ ಮೇಲೆ ಈರವ್ವ ತನ್ನ ತೋರುಬೆರಳನ್ನು ಒತ್ತಿ ಹಿಡಿದಳು, ಸಾಲು ಓಡಿಹೋಗಬಹುದೆಂಬಂತೆ. ಕೈ ಒದ್ದೆಯಾಗಿತ್ತು. ಬೆರಳಿನ ಗುರುತು ಕೆಂಪಗೆ ನನ್ನ ಮೇಲೆ ಉಳಿಯಿತು.

ಮುರಿಗೆಪ್ಪನ ನೂಲಿಗೆ ತಂಗಳ ನೀರಿನಲ್ಲೇ ಬಣ್ಣವಾಯಿತು. ಹಂಡೆಯ ತಳ ಕಲಕದಂತೆ ಮೇಲಿನ ನೀರನ್ನಷ್ಟೇ ಅಂಬವ್ವ ಬಗ್ಗಿಸಿದಳು. ಚುಕ್ಕೆ ಪೂರ್ತಿ ಹೋಯಿತೆಂದು ಹೇಳಲಾರೆ. ಹುಡುಕಿದರೆ ಅಲ್ಲೊಂದು ಇಲ್ಲೊಂದು ಸಿಗುತ್ತಿತ್ತು. ಮುರಿಗೆಪ್ಪ ಬಿಸಿಲಿಗೆ ಹಿಡಿದು ಹುಡುಕಿದ. ಅವನಿಗೆ ಸಿಗಲಿಲ್ಲ.

“ಏನ ಮಾಡಿದಿ ಈರಕ್ಕಾ? ದೃಷ್ಟಿ ತಗಿಸಿದೇನ?”

“ದೃಷ್ಟಿ ನನಗ ಆಗಿತ್ತು,” ಎಂದಳು ಈರವ್ವ. “ನೀರಿಂದು ಇನ್ನ ಮ್ಯಾಲ ನನ್ನ ಸೊಸಿನ್ನ ಕೇಳು.”

ಆಮೇಲೆ ಸೊಸೆಯ ಬಟ್ಟೆಯ ಚೀಲವನ್ನು ತಾನೇ ಅಟ್ಟಕ್ಕೆ ಏರಿಸಿದಳು.

ಅಂದಿನಿಂದ ಹದಿನೆಂಟು ವರ್ಷ. ನನ್ನ ಬೆನ್ನು ಕಳಚಿದೆ, ದಾರ ಕಟ್ಟಿಟ್ಟಿದ್ದಾರೆ. ಅಂಚುಗಳನ್ನು ಹುಳು ತಿಂದಿದೆ. ಅಂಬವ್ವ ನನ್ನನ್ನು ಆರು ಸಲ ಮುಗಿಸಿ ಬೇರೆ ಪುಸ್ತಕಗಳಿಗೆ ಹೋಗಿದ್ದಾಳೆ. ಈಗ ತೊಟ್ಟಿಯ ಕೆಲಸವೆಲ್ಲ ಅವಳದೇ. ನನ್ನ ಮೊದಲ ಹದಿನಾಲ್ಕು ಪುಟದಲ್ಲಿ ಏನಿತ್ತೋ ಎಂದು ಆಗಾಗ ಕೇಳುತ್ತಾಳೆ. ನನಗೂ ಈಗ ಸರಿಯಾಗಿ ನೆನಪಿಲ್ಲ.

ನೂರ ಮೂವತ್ತೊಂದನೆಯ ಪುಟ ಅಚ್ಚಾದ ದಿನದಿಂದ ಒಂದೇ ಮಾತು ಹೇಳುತ್ತಿದೆ. ಹಂಡೆಯ ಹಕ್ಕಳೆಯೂ ಅದೇ ಮಾತನ್ನು ಹೇಳುತ್ತಿತ್ತು. ಎರಡನ್ನೂ ಒಟ್ಟಿಗೆ ಓದುವ ಕಣ್ಣು ದಿನವೂ ಅರ್ಧ ಗಂಟೆ ಒಲೆಯ ಮುಂದೆ ಕೂರಬೇಕಾಗಿತ್ತು.

ಬೋರಿನ ನೀರಿನಿಂದ ಸೋತ ಬೇರೆ ಬಣ್ಣದ ಮನೆಯವರು ಈಗಲೂ ಬರುತ್ತಾರೆ. ಸೊಸೆ ಕೆಲಸದಲ್ಲಿದ್ದರೆ ಮುದುಕಿ ಈರವ್ವನೇ ನನ್ನನ್ನು ಗೂಡಿನಿಂದ ಇಳಿಸುತ್ತಾಳೆ. ದಾರ ಬಿಚ್ಚಿ, ಹಾಳೆ ತಿರುವುತ್ತಾ ಕೆಂಪು ಗುರುತು ಬಂದಲ್ಲಿ ನಿಲ್ಲಿಸಿ, ಅದರ ಮೇಲೆ ಮತ್ತೆ ಬೆರಳಿಡುತ್ತಾಳೆ.

“ನನಗ ಓದಾಕ ಬರೂದಿಲ್ಲ,” ಎನ್ನುತ್ತಾಳೆ. “ಎಲ್ಲಿ ಐತಿ ಅಂತ ಗೊತ್ತು. ನೀವ ಓದ್ರಿ.”